ವಿಭೂತಿ ಹಚ್ಚಿದ ಫ್ಲಾಪಿ

ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯ ಮೇಲಿನ ಒಂದು ಊರಿನಲ್ಲಿ ಗುರುಲಿಂಗಪ್ಪನವರು ವಿದ್ಯುತ್ ಉಪಕೇಂದ್ರದ ಆಪರೇಟರಾಗಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದರು. ಹುಟ್ಟಿದ್ದು ಬಸವನ ಬಾಗೇವಾಡಿಯಲ್ಲಿ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕಿದವರಲ್ಲ. ತಾಸಿಗೊಮ್ಮೆ ಮೀಟರು ನೋಡಿ ದಿನಚರಿ ಪುಸ್ತಕದಲ್ಲಿ ಬರೆಯದೆ ಕುರ್ಚಿಗೆ ಒರಗಿದವರೂ ಅಲ್ಲ. ಈ ಎರಡು ನೇಮಗಳಲ್ಲಿ ಯಾವುದು ದೊಡ್ಡದೆಂದು ಯಾರಾದರೂ ಕೇಳಿದ್ದರೆ ಅವರು ಸ್ವಲ್ಪ ತಡವರಿಸುತ್ತಿದ್ದರು. ಅಂಥವರಿಗೆ ಎರಡು ಸಾವಿರದ ಮೂರನೆಯ ಇಸವಿಯ ಯುಗಾದಿ ಕಳೆದ ಮೇಲೆ ಒಂದು ಕಂಪ್ಯೂಟರ್ ಗಂಟುಬಿತ್ತು.

ಇನ್ನು ಮುಂದೆ ದಿನಚರಿಯನ್ನು ಪುಸ್ತಕದಲ್ಲಿ ಬರೆಯುವುದಿಲ್ಲ, ಕಂಪ್ಯೂಟರಿನಲ್ಲಿ ಬರೆಯುವುದು ಎಂದು ಮೇಲಿನಿಂದ ಆದೇಶ ಬಂದಿತು. ದಿನಚರಿ ಎಂದರೆ ಸಣ್ಣ ಸಂಗತಿಯಲ್ಲ. ಯಾವ ತಾಸಿನಲ್ಲಿ ಎಷ್ಟು ವೋಲ್ಟೇಜು, ಯಾವ ಲೈನು ಯಾವಾಗ ಹೋಯಿತು, ಯಾವಾಗ ಬಂದಿತು, ಎಲ್ಲವೂ ಅದರಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎಲ್.ಸಿ. ಇರಬೇಕು. ಲೈನ್‌ಮನ್ ಕಂಬ ಹತ್ತುವ ಮೊದಲು ಆಪರೇಟರನ ಹತ್ತಿರ ಬಂದು ಪಡೆಯುವ ಅಪ್ಪಣೆಗೆ ಎಲ್.ಸಿ. ಎನ್ನುತ್ತಾರೆ. ಆಪರೇಟರ್ ಹೊತ್ತು ಬರೆದುಕೊಂಡು ಆ ಲೈನಿನ ಕರೆಂಟು ತೆಗೆಯುತ್ತಾನೆ. ಕಂಬದ ಮೇಲಿರುವವನ ಜೀವ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಕಲಿಯಲಿಕ್ಕೆಂದು ಗುರುಲಿಂಗಪ್ಪನವರನ್ನು ಮೂರು ದಿನ ಮುದ್ದೇಬಿಹಾಳಕ್ಕೆ ಕಳಿಸಿದರು. ಕಲಿಸುವವರು ವಿದ್ಯಾವತಿ ಎಂಬ ಹೆಣ್ಣುಮಗಳು. ವಾರಕ್ಕೊಮ್ಮೆ, ಶನಿವಾರ, ಕಂಪ್ಯೂಟರಿನಲ್ಲಿದ್ದ ದಿನಚರಿಯನ್ನೆಲ್ಲ ಫ್ಲಾಪಿಗಳಿಗೆ ನಕಲು ಮಾಡಿ ಇಡಬೇಕು, ಇದಕ್ಕೆ ಬ್ಯಾಕಪ್ ಎನ್ನುತ್ತಾರೆ ಎಂದು ಆಕೆ ಹೇಳಿಕೊಟ್ಟಳು. ನಕಲು ಎರಡು ಜೊತೆ ಇರಬೇಕು. ಎರಡೂ ಎಂದಿಗೂ ಒಂದೇ ಜಾಗದಲ್ಲಿ ಇರಬಾರದು. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆಯದು ಉಳಿಯಬೇಕು. ಗುರುಲಿಂಗಪ್ಪನವರು ಇದನ್ನೆಲ್ಲ ಚೊಕ್ಕ ಅಕ್ಷರದಲ್ಲಿ ಬರೆದುಕೊಂಡರು. ಕಂಪ್ಯೂಟರ್ ಕೆಟ್ಟಾಗ ಆ ನಕಲನ್ನು ತಿರುಗಿ ಒಳಗೆ ಹಾಕುವ ಕ್ರಮಕ್ಕೆ ರಿಸ್ಟೋರ್ ಎನ್ನುತ್ತಾರಂತೆ. ಆ ಪಾಠ ನಡೆದದ್ದು ಮೂರನೆಯ ದಿನ ಊಟವಾದ ಮೇಲೆ. ಊಟಕ್ಕೆ ಶೇಂಗಾದ ಹೋಳಿಗೆ ಇತ್ತು. ಆ ಪಾಠವನ್ನು ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

ಹೊರಡುವಾಗ ವಿದ್ಯಾವತಿಬಾಯಿ ಎಲ್ಲರಿಗೂ ರೂಢಿಗಾಗಿ ಒಂದೊಂದು ಮಾದರಿ ಫ್ಲಾಪಿ ಕೊಟ್ಟಳು. ಗುರುಲಿಂಗಪ್ಪನವರು ಅದನ್ನು ಅಂಗಿಯ ಜೇಬಿನಲ್ಲಿ, ಪೆನ್ನಿನ ಪಕ್ಕ, ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡರು. ಮುಂದೆ ಆರು ತಿಂಗಳು ಅದು ಅಲ್ಲಿಯೇ ಇದ್ದಿತು. ಸಂತೆಗೆ ಹೋದರೂ ಇತ್ತು, ಲಗ್ನಕ್ಕೆ ಹೋದರೂ ಇತ್ತು. ಯಾರಾದರೂ ಏನದು ಎಂದು ಕೇಳಲಿ ಎಂದು ಅವರು ಎದೆಯನ್ನು ಸ್ವಲ್ಪ ಮುಂದೆ ಮಾಡಿ ನಿಲ್ಲುತ್ತಿದ್ದರು. ಕೇಳಿದವರಿಗೆ, "ಇದರಾಗ ನಮ್ಮ ಇಡೀ ಸ್ಟೇಷನ್ ಐತಿ" ಎನ್ನುತ್ತಿದ್ದರು. ಊರವರು ಅವರಿಗೆ ಕಂಪ್ಯೂಟರ್ ಕಾಕಾ ಎಂದು ಹೆಸರಿಟ್ಟರು. ಅವರಿಗೆ ಅದು ಬೇಸರವಾಗಲಿಲ್ಲ.

ಇನ್ನೊಂದು ಪಾಳಿಯ ಆಪರೇಟರ್ ದುಂಡೇಶ ವಯಸ್ಸಿನಲ್ಲಿ ಚಿಕ್ಕವನು, ಆದರೆ ಸ್ವಭಾವದಲ್ಲಿ ಅಂಜುಬುರುಕ. ಒಂದು ವರ್ಷವಾದರೂ ಹಳೆಯ ಪುಸ್ತಕವನ್ನೂ ಜೊತೆಗೆ ಬರೆಯೋಣ ಎಂದು ಅವನು ಹೇಳಿದ.

"ಎರಡು ಸಂಸಾರ ಮಾಡಬ್ಯಾಡ ದುಂಡೇಶ," ಎಂದರು ಗುರುಲಿಂಗಪ್ಪನವರು. "ಒಂದರ ಮ್ಯಾಲ ನಂಬಿಕಿ ಇಡು."

ಹೀಗೆ ಹೇಳಿ ದಿನಚರಿ ಪುಸ್ತಕವನ್ನೂ ಎಲ್.ಸಿ. ಪುಸ್ತಕವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ನ್ಯಾಯವಾಗಿ ಹೇಳಬೇಕೆಂದರೆ, ಬ್ಯಾಕಪ್ಪಿನಲ್ಲಿ ಅವರು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಒಂದು ಜೊತೆ ಫ್ಲಾಪಿ ಸ್ಟೇಷನ್ನಿನ ಕಪಾಟಿನಲ್ಲಿ, ಇನ್ನೊಂದು ಜೊತೆ ಮನೆಯ ದೇವರ ಜಗಲಿಯ ಮೇಲೆ ವೀರಭದ್ರನ ಪಕ್ಕದಲ್ಲಿ. ಅವರ ಹೆಂಡತಿ ಕಾಶಿಬಾಯಿ ಮೊದಲ ದಿನ ಅದನ್ನು ತಿರುಗಿಸಿ ನೋಡಿ, ಈ ಹೊಸ ದೇವರಿಗೆ ಏನು ನೈವೇದ್ಯ ಎಂದು ಕೇಳಿದ್ದಳು. 

ಸೆಪ್ಟೆಂಬರ್ ಇಪ್ಪತ್ತಮೂರು, ಮಂಗಳವಾರ. ಆ ದಿನ ಲೈನ್‌ಮನ್ ಚಂದ್ರಾಮ ಸೈಕಲ್ಲಿನ ಮೇಲೆ ಸ್ಟೇಷನ್ನಿಗೆ ಬಂದ. ಎಂಟು ವರ್ಷದಿಂದ ತಾತ್ಕಾಲಿಕವಾಗಿ ದುಡಿಯುತ್ತಿದ್ದವನು. ಖಾಯಂ ಆಗುವವರ ಯಾದಿಯಲ್ಲಿ ಆ ವರ್ಷ ಅವನ ಹೆಸರು ಬಂದಿತ್ತು. ಗಿರಣಿ ಕಡೆಯ ಲೈನಿನ ಮೇಲೆ ಕೆಲಸವಿದೆ, ಎಲ್.ಸಿ. ಕೊಡಿ ಎಂದ. ಗುರುಲಿಂಗಪ್ಪನವರು ಗೋಡೆಯ ಗಡಿಯಾರ ನೋಡಿದರು. ನಾಲ್ಕು ಹತ್ತು. ಒಂದೊಂದೇ ಅಕ್ಷರವನ್ನು ಹುಡುಕಿ ಕುಟ್ಟಿ ನಮೂದಿಸಿದರು, ಲೈನು ತೆಗೆದರು, ಹೋಗು ಎಂದರು. ಅರ್ಧ ತಾಸಿನ ಮೇಲೆ ಕಂಬದ ತುದಿಯ ಕಬ್ಬಿಣದ ಪಟ್ಟಿ ಕಳಚಿ ಚಂದ್ರಾಮ ಕೆಳಗೆ ಬಿದ್ದ. ಎಡಗಾಲು ಎರಡು ಕಡೆ ಮುರಿಯಿತು.

ಆಸ್ಪತ್ರೆಯ ಕಟ್ಟು ಒಣಗುವ ಮೊದಲೇ ಮೇಲಿನಿಂದ ಕಾಗದ ಬಂದಿತು. ಇವನು ಅಪ್ಪಣೆ ಪಡೆದು ಕಂಬ ಹತ್ತಿದನೋ, ಹಾಗೆಯೇ ಹತ್ತಿದನೋ? ದಿನಚರಿಯಲ್ಲಿ ನಮೂದಿದ್ದರೆ ಅದು ಕೆಲಸದ ಮೇಲಿನ ಅಪಘಾತ. ಹೆಸರು ಯಾದಿಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಅವನದೇ ಬೇಜವಾಬ್ದಾರಿ, ಹೆಸರು ಹೋಗುತ್ತದೆ. ಚಂದ್ರಾಮನ ಹೆಂಡತಿ ಸುರೇಖಾ ಹೆದರಿ ಸ್ಟೇಷನ್ನಿಗೆ ಬಂದಾಗ ಗುರುಲಿಂಗಪ್ಪನವರು ನಕ್ಕರು.

"ಬರದ ಇಟ್ಟೇನಿ ತಂಗೀ. ಒಂದ ಕಡೆ ಅಲ್ಲ, ಮೂರು ಕಡೆ ಇರ್ತೈತಿ. ಯಾರ ಅಪ್ಪಗೂ ಅಳಸಾಕ ಆಗೂದಿಲ್ಲ."

ಆಕೆ ಕೈಮುಗಿದು ಹೋದಳು. ಆ ಶನಿವಾರ ಅವರು ಎರಡು ಜೊತೆ ನಕಲನ್ನೂ ಇನ್ನಷ್ಟು ಜೋಪಾನವಾಗಿ ತೆಗೆದಿಟ್ಟರು.

ಅದರ ಮುಂದಿನ ಶನಿವಾರ ಮಹಾನವಮಿ, ಖಂಡೆ ಪೂಜೆ. ಬಡಿಗ ಉಳಿ ಸುತ್ತಿಗೆ ತೊಳೆದು ಪೂಜಿಸುತ್ತಾನೆ, ಒಕ್ಕಲಿಗ ಕುಡಗೋಲು ಕೊಡಲಿ ಪೂಜಿಸುತ್ತಾನೆ. ಸ್ಟೇಷನ್ನಿನಲ್ಲಿ ಪಕ್ಕಡ, ಟೆಸ್ಟರು, ರಬ್ಬರಿನ ಕೈಗವಸು, ಏಣಿ. ಪ್ರತಿ ವರ್ಷದಂತೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ವಿಭೂತಿ ಹಚ್ಚಿ ಚೆಂಡುಹೂ ಏರಿಸಿದರು. ಕಂಪ್ಯೂಟರಿನ ಹಣೆಗೂ ಮೂರು ಗೆರೆ ವಿಭೂತಿ ಬಂದಿತು. ಆಗ ಗುರುಲಿಂಗಪ್ಪನವರಿಗೆ ಫ್ಲಾಪಿಗಳ ನೆನಪಾಯಿತು. ಕಪಾಟಿನಲ್ಲಿದ್ದ ಜೊತೆಯನ್ನು ತೆಗೆದರು. ತೆಗೆದ ಮೇಲೆ ಇನ್ನೊಂದು ವಿಚಾರ ಬಂದಿತು: ಇಲ್ಲಿಯದಕ್ಕೆ ಪೂಜೆ ಮಾಡಿ ಮನೆಯದನ್ನು ಬಿಟ್ಟರೆ ಪಂಕ್ತಿಭೇದ ಮಾಡಿದಂತೆ ಆಗುವುದಿಲ್ಲವೇ? ಮನೆಗೆ ಹೋಗಿ ಅದನ್ನೂ ತಂದರು. ಎರಡೂ ಒಂದೇ ಜಾಗದಲ್ಲಿ ಇರಬಾರದೆಂದು ಮುದ್ದೇಬಿಹಾಳದಲ್ಲಿ ಬರೆದುಕೊಂಡದ್ದು ಅವರಿಗೆ ನೆನಪಿತ್ತು. ಆದರೆ ಅದು ಬೆಂಕಿಯ ಭಯಕ್ಕೆ ಹೇಳಿದ ಮಾತು. ದೇವರ ಮುಂದೆ ಎಂಥ ಭಯ?

ಫ್ಲಾಪಿಗಳನ್ನು ತಿಳಿನೀರಿನಲ್ಲಿ ಅದ್ದಿ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ವಿಭೂತಿ ಹಚ್ಚಲು ಹೋದಾಗ ಕೈ ತಡೆಯಿತು. ಖಡ್ಗಕ್ಕೆ ಪೂಜೆ ಮಾಡುವವನು ಒರೆಗೆ ಮಾಡುತ್ತಾನೆಯೇ? ಅಲಗನ್ನು ಹಿರಿದು ಅಲಗಿಗೆ ಮಾಡುತ್ತಾನೆ. ಫ್ಲಾಪಿಯ ಮೇಲಿನ ಪ್ಲಾಸ್ಟಿಕ್ಕು ಬರಿಯ ಒರೆ. ಅದರ ತಗಡಿನ ಬಾಗಿಲನ್ನು ಸರಿಸಿದರೆ ಒಳಗೆ ಒಂದು ಕಂದು ಬಿಲ್ಲೆ ಕಾಣುತ್ತದೆ. ಅಕ್ಷರಗಳು ಇರುವುದು ಅದರಲ್ಲಿ. ಆಯುಧ ಅದು. ಗುರುಲಿಂಗಪ್ಪನವರು ಒಂದೊಂದರ ಬಾಗಿಲನ್ನೂ ಹೆಬ್ಬೆರಳಿನಿಂದ ಸರಿಸಿ, ಒದ್ದೆ ವಿಭೂತಿಯಿಂದ ಬಿಲ್ಲೆಯ ಮೇಲೆ ಮೂರು ಗೆರೆ ಎಳೆದರು. ಬಿಲ್ಲೆಯನ್ನು ತಿರುಗಿಸಿ ಹಿಂದಿನ ಮಗ್ಗಲಿಗೂ ಎಳೆದರು. ಜೊತೆಗೆ ಏಳೇಳರಂತೆ ಹದಿನಾಲ್ಕು ಫ್ಲಾಪಿ. ಒಂದನ್ನೂ ಬಿಡಲಿಲ್ಲ. ಅಷ್ಟು ಶ್ರದ್ಧೆಯ ಪೂಜೆ ಆ ಸ್ಟೇಷನ್ನಿನಲ್ಲಿ ಹಿಂದೆ ಆಗಿರಲಿಲ್ಲ.

ಮಾದರಿ ಫ್ಲಾಪಿ ಒಂದೇ ಪೂಜೆಯಿಂದ ತಪ್ಪಿಸಿಕೊಂಡಿತು. ಪೂಜೆಗೆಂದು ಅಂಗಿ ಕಳಚಿ ಗೂಟಕ್ಕೆ ಹಾಕಿದ್ದರು. ಅದು ಜೇಬಿನಲ್ಲಿಯೇ ಉಳಿದಿತ್ತು.

ಮರುದಿನ ವಿಜಯದಶಮಿ. ಬನ್ನಿ ಕೊಡಲಿಕ್ಕೆ, ಮಗಳನ್ನು ಕೊಟ್ಟ ಚಡಚಣದಿಂದ ಬೀಗರು ಬಂದರು, ಒಣದ್ರಾಕ್ಷಿಯ ಚೀಲದ ಸಮೇತ. ಊಟವಾದ ಮೇಲೆ ಬೀಗರು ಸೊಸೆಯ ತಂದೆಯ ಕೀರ್ತಿ ಚಡಚಣದವರೆಗೂ ಮುಟ್ಟಿದೆ, ಆ ಯಂತ್ರವನ್ನು ಒಮ್ಮೆ ಕಣ್ಣಿನಿಂದ ನೋಡಬೇಕು ಎಂದರು. ಗುರುಲಿಂಗಪ್ಪನವರು ಇಲ್ಲ ಎನ್ನುವಂತಿರಲಿಲ್ಲ. ಅವತ್ತು ಪಾಳಿಯ ಮೇಲೆ ದುಂಡೇಶನಿದ್ದ. ಅವನನ್ನು ಎಬ್ಬಿಸಿ ಕುರ್ಚಿಯಲ್ಲಿ ಕುಳಿತು, ನಕಲಿನಿಂದ ದಿನಚರಿಯನ್ನು ಓದಿಸಿ ತೋರಿಸುತ್ತೇನೆಂದು ಒಂದು ಫ್ಲಾಪಿ ಹಾಕಿದರು. ಯಂತ್ರ ಜೋಳದ ರೊಟ್ಟಿ ಜಗಿದಂತೆ ಕರಕರ ಸದ್ದು ಮಾಡಿ, ಓದಲು ಬರುವುದಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ತೋರಿಸಿತು. ಎರಡನೆಯದನ್ನು ಹಾಕಿದರು. ಮೂರನೆಯದನ್ನು ಹಾಕಿದರು. ಹದಿನಾಲ್ಕೂ ಮುಗಿಯುವ ಹೊತ್ತಿಗೆ ಅವರ ಬೆನ್ನಿನ ಅಂಗಿ ಒದ್ದೆಯಾಗಿತ್ತು.

ದಿನಚರಿ ಕಂಪ್ಯೂಟರಿನೊಳಗೆ ಇನ್ನೂ ಸುರಕ್ಷಿತವಾಗಿ ಇತ್ತು. ಅವರು ಆಗಲೇ ಎದ್ದು ಬಂದಿದ್ದರೆ ಈ ಕಥೆ ಇಲ್ಲಿಗೆ ನಿಲ್ಲುತ್ತಿತ್ತು. ಆದರೆ ಬೀಗರು ಹಿಂದೆ ನಿಂತಿದ್ದರು, ಮತ್ತು ಬೀಗರು ಕೆಮ್ಮಿದರು.

ಗುರುಲಿಂಗಪ್ಪನವರು ಜೇಬಿಗೆ ಕೈಹಾಕಿ ಮಾದರಿ ಫ್ಲಾಪಿ ತೆಗೆದು ಯಂತ್ರದೊಳಗೆ ತೂರಿಸಿದರು. ಕರಕರ ಇಲ್ಲ. ಪರದೆಯ ಮೇಲೆ ರಿಸ್ಟೋರ್ ಎಂಬ ಶಬ್ದ ಬಂದಿತು. ಹೋಳಿಗೆಯ ಮಧ್ಯಾಹ್ನದಿಂದ ಆ ಶಬ್ದ ಮಾತ್ರ ಅವರ ಮನಸ್ಸಿನಲ್ಲಿ ಶುಭವಾಗಿ ಉಳಿದಿತ್ತು. ಎಲ್ಲವನ್ನೂ ಮೊದಲಿನಂತೆ ಮಾಡುವ ಗುಳಿಗೆ ಅದು ಎಂದು ಅವರ ತಿಳಿವಳಿಕೆ. ಅದನ್ನೇ ಒತ್ತಿದರು. ಯಂತ್ರ ಉದ್ದನೆಯ ಒಂದು ಪ್ರಶ್ನೆ ಕೇಳಿತು. ಈಗ ಒಳಗಿರುವುದೆಲ್ಲ ಅಳಿದು ಇದು ಬಂದು ಕೂಡುತ್ತದೆ, ಒಪ್ಪಿಗೆಯೋ ಎಂದು ಅದರ ಅರ್ಥ. ಪ್ರಶ್ನೆಯ ಕೆಳಗೆ ಎರಡು ಮನೆ: ಒಂದರಲ್ಲಿ ಹೌದು, ಇನ್ನೊಂದರಲ್ಲಿ ಇಲ್ಲ. ನಮ್ಮ ಕಡೆ ಹಬ್ಬದ ದಿನ ಬೀಗರ ಮುಂದೆ ಅಕ್ಕಿ ಮುಗಿದರೂ ಇಲ್ಲ ಎನ್ನುವುದಿಲ್ಲ, ಹೆಚ್ಚೈತಿ ಎನ್ನುತ್ತಾರೆ. ದುಂಡೇಶ, "ಕಾಕಾ, ಪೂರಾ ಓದ್ರಿ" ಎಂದ. ಅವರು ಪ್ರಶ್ನೆಯನ್ನು ಪೂರ್ತಿ ಓದಲಿಲ್ಲ. ದಶಮಿಯ ದಿನ ಬಾಯಿಂದಲಾಗಲಿ ಬೆರಳಿನಿಂದಲಾಗಲಿ ಇಲ್ಲ ಎನ್ನಬಾರದೆಂದು ಹೌದು ಎಂಬುದರ ಮೇಲೆ ಒತ್ತಿದರು.

ಯಂತ್ರ ಸದ್ದಿಲ್ಲದೆ ಕೆಲಸ ಮಾಡಿತು. ಆರು ತಿಂಗಳ ದಿನಚರಿ ಹೋಗಿ ಅದರ ಜಾಗದಲ್ಲಿ ವಿದ್ಯಾವತಿಬಾಯಿ ಪಾಠಕ್ಕೆಂದು ಬರೆದ ಐದು ಸಾಲು ಬಂದು ಕುಳಿತವು. ಸ್ಟೇಷನ್ನಿನ ಹೆಸರು ಎ.ಬಿ.ಸಿ. ಆಪರೇಟರನ ಹೆಸರು ಎಕ್ಸ್. ವೋಲ್ಟೇಜು ಒಂದು ಎರಡು ಮೂರು ನಾಲ್ಕು.

ಬೀಗರು ಬಗ್ಗಿ ನೋಡಿ, ಭಾಳ ಚೊಕ್ಕ ಆಯಿತು, ಮೊದಲು ಗಜಿಬಿಜಿ ಇತ್ತು ಎಂದು ಮೆಚ್ಚಿಕೊಂಡರು.

ಸೋಮವಾರ ಬೆಳಿಗ್ಗೆ ಸಿಂದಗಿಯಿಂದ ಇಂಜಿನಿಯರ್ ಅನೀಲಕುಮಾರ ಸಾಹೇಬರ ಫೋನು ಬಂದಿತು. ಗುರುವಾರ ಚಂದ್ರಾಮನ ವಿಚಾರಣೆಗೆ ತಾವೇ ಬರುತ್ತೇವೆ, ಇಪ್ಪತ್ತಮೂರನೆಯ ತಾರೀಖಿನ ದಿನಚರಿ ತಯಾರು ಇರಲಿ ಎಂದರು. ಗುರುಲಿಂಗಪ್ಪನವರು ಬಾಯಿ ತೆರೆದರು. ಬಾಯಿಂದ ಬಂದ ಮಾತು ಮಾತ್ರ ಬೇರೆ.

"ಬ್ಯಾಕಪ್‌ನ್ಯಾಗ ಐತ್ರೀ ಸಾಹೇಬ್ರ."

ಫೋನು ಇಟ್ಟು ಅವರು ಎಸ್.ಟಿ.ಡಿ. ಬೂತಿಗೆ ಹೋದರು. ಮುದ್ದೇಬಿಹಾಳದ ವಿದ್ಯಾವತಿಬಾಯಿಗೆ ನಡೆದದ್ದನ್ನೆಲ್ಲ ಹೇಳಿದರು. ತೊಳೆದದ್ದು ಹೇಳಿದಾಗ ಆಕೆ ಅಯ್ಯೋ ಎಂದಳು. ವಿಭೂತಿಯ ವಿಷಯ ಹೇಳಿದಾಗ ಬಿಲ್ಲೆಯ ಮೇಲೆಯೇ ಎಂದು ಎರಡು ಸಲ ಕೇಳಿದಳು. ಎರಡು ಜೊತೆಯನ್ನೂ ಒಂದೇ ಕಡೆ ಯಾಕೆ ತಂದಿರಿ ಎಂದು ಕೊನೆಗೆ ಕೇಳಿದಳು.

"ಒಂದಕ್ಕ ಮಾಡಿ ಒಂದಕ್ಕ ಬಿಟ್ಟರ ಹೆಂಗ್ರಿ ಬಾಯಾರ," ಎಂದರು ಗುರುಲಿಂಗಪ್ಪನವರು.

ಆಕೆ ಎರಡು ಮಾತು ಹೇಳಿದಳು. ಮೊದಲನೆಯದು: ಇವತ್ತೇ, ಈಗಲೇ, ಮೇಲಿನವರಿಗೆ ನಡೆದದ್ದನ್ನು ನಡೆದ ಹಾಗೆ ತಿಳಿಸಿರಿ. ಎರಡನೆಯದು: ಬೇರೆಯವರ ಹತ್ತಿರ ಏನಾದರೂ ಬರಹ ಇದ್ದರೆ ಅದನ್ನು ನೋಡಿ ಮತ್ತೆ ತುಂಬಲೂ ಬರುತ್ತದೆ. ಎರಡು ದಾರಿ ತೋರಿಸಿದಾಗ ಮನುಷ್ಯ ತನ್ನ ಮಾನ ಉಳಿಯುವ ದಾರಿಯನ್ನೇ ಕೇಳಿಸಿಕೊಳ್ಳುತ್ತಾನೆ. ಗುರುಲಿಂಗಪ್ಪನವರು ಎರಡನೆಯದನ್ನು ಕೇಳಿಸಿಕೊಂಡರು. ಬರಹ ಯಾರ ಹತ್ತಿರವೂ ಇರಲಿಲ್ಲ. ನೆನಪು ಎಲ್ಲರ ಹತ್ತಿರವೂ ಇತ್ತು.

ಮೊದಲು ಹಿಟ್ಟಿನ ಗಿರಣಿಗೆ ಹೋದರು. ಚಂದ್ರಾಮನಿಗಾಗಿ ತೆಗೆದ ಲೈನು ಅದೇ ಅಲ್ಲವೇ? ಗಿರಣಿಯ ಮೋದಿನಸಾಬ ಹಿಟ್ಟು ಬಡಿದ ಹುಬ್ಬು ಏರಿಸಿ ಇವರ ಪ್ರಶ್ನೆ ಕೇಳಿದ.

"ಕರೆಂಟ್ ತೆಗಿಯಾವ್ರು ನೀವು, ಕೊಡಾವ್ರು ನೀವು. ಯಾವಾಗ ಹೋತು, ಯಾವಾಗ ಬಂತು ಅಂತ ನನ್ನ ಕೇಳಾಕ ಬಂದೀರಿ?"

ಗುರುಲಿಂಗಪ್ಪನವರು ಪರಿಶೀಲನೆ ನಡೆದಿದೆ ಎಂದರು. ಆ ಮಾತು ಅವರ ಬಾಯಿಗೆ ಎಲ್ಲಿಂದ ಬಂದಿತೋ ದೇವರೇ ಬಲ್ಲ. ಜೋಳ ಬೀಸಲು ಬಂದಿದ್ದ ಅಬಿದಾ ಎಂಬ ಹೆಣ್ಣುಮಗಳು ಮುಂದೆ ಬಂದು, ಆ ಮಂಗಳವಾರ ತನಗೆ ನೆನಪಿದೆ ಎಂದಳು. ತನ್ನ ಅರ್ಧ ಜೋಳ ಬೀಸಿ ಅರ್ಧ ಉಳಿದಾಗ ಗಿರಣಿ ನಿಂತಿತು. ಶಾಲೆ ಬಿಡುವ ಗಂಟೆ ಇನ್ನೂ ಆಗಿರಲಿಲ್ಲ. ನಾಲ್ಕು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಆಮೇಲೆ ಚಂದ್ರಾಮಣ್ಣ ಬಿದ್ದನೆಂದು ಜನ ಓಡಿದರು. ಆಕೆಯೂ ಹಿಟ್ಟಿನ ಬುಟ್ಟಿ ಬಿಟ್ಟು ಓಡಿದ್ದಳು.

ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕಿರಲಿಲ್ಲ. ಆಕೆಯನ್ನು ಗುರುವಾರ ಸ್ಟೇಷನ್ನಿಗೆ ಬಾ ತಂಗಿ ಎಂದು ಕರೆದಿದ್ದರೆ ಸಾಕಾಗುತ್ತಿತ್ತು. ಆದರೆ ಕರೆದರೆ ಯಾಕೆ ಎಂದು ಹೇಳಬೇಕು. ಗುರುಲಿಂಗಪ್ಪನವರು ಬರೆದುಕೊಂಡು ಮುಂದಿನ ಮನೆಗೆ ಹೋದರು.

ಇಳಿಹೊತ್ತಿಗೆ ಸುದ್ದಿ ಹಬ್ಬಿತು. ಕಂಪ್ಯೂಟರ್ ಕಾಕಾ ಮನೆಮನೆಗೆ ಬಂದು ಕರೆಂಟಿನ ತಕರಾರು ಬರೆದುಕೊಳ್ಳುತ್ತಿದ್ದಾನೆ. ಮೇಲಿನಿಂದ ಆದೇಶ ಬಂದಿದೆ. ಯಾವ ಓಣಿಯ ತಕರಾರು ಹೆಚ್ಚೋ ಆ ಓಣಿಗೆ ಇಪ್ಪತ್ನಾಲ್ಕು ತಾಸು ಕರೆಂಟು. ಮಂಗಳವಾರ ಬೆಳಿಗ್ಗೆ ಅವರು ಲಿಂಗಪೂಜೆ ಮುಗಿಸಿ ಬಾಗಿಲು ತೆರೆದರೆ ಅಂಗಳ ತುಂಬ ಮಂದಿ. ಹೊನ್ನವ್ವ ಎಂಬ ಮುದುಕಿ ಎಲ್ಲರಿಗಿಂತ ಮುಂದೆ ಕುಳಿತಿದ್ದಳು. ಶ್ರಾವಣದಿಂದ ತನ್ನ ಮನೆಯಲ್ಲಿ ದೀಪ ಹತ್ತಿಲ್ಲ ಎಂದಳು. ಬಲ್ಬು ಸುಟ್ಟಿರಬೇಕು ಎಂದು ಕಾಶಿಬಾಯಿ ಹೇಳಿದಾಗ, ಬಲ್ಬು ಸುಟ್ಟದ್ದೂ ಬರೆದುಕೊಳ್ಳಲಿ ಎಂದು ಹಟ ಹಿಡಿದಳು. ಒಬ್ಬ ಬೆಳಿಗ್ಗೆ ಆರಕ್ಕೆ ಹೋದದ್ದು ಒಂಬತ್ತಕ್ಕೆ ಬಂದಿತು ಎಂದ. ಅವನ ಎದುರು ಮನೆಯವನು ಒಂಬತ್ತಕ್ಕೆ ಹೋಗಿ ಹನ್ನೆರಡಕ್ಕೆ ಬಂದಿತು ಎಂದ. ಕೆಳಗಿನ ಓಣಿಯವರು ಒಟ್ಟಾಗಿ ಬಂದು, ಮೇಲಿನ ಓಣಿಯವರು ಎಷ್ಟು ತಾಸು ಹೇಳಿದ್ದಾರೋ ಅದಕ್ಕೆ ಎರಡು ತಾಸು ಸೇರಿಸಿ ಬರೆಯಿರಿ ಎಂದು ವಿನಂತಿ ಮಾಡಿದರು.

ಖರೆ ಕಾರಣ ಹೇಳಿದರೆ ಎಲ್ಲರೂ ಮನೆಗೆ ಹೋಗುತ್ತಿದ್ದರು. ಹೇಳಲಿಲ್ಲ. ಹೇಳಲಿಲ್ಲವಾದ್ದರಿಂದ ಬರೆದುಕೊಳ್ಳಬೇಕಾಯಿತು. ಬರೆದುಕೊಂಡದ್ದನ್ನು ಬಿಡುವುದು ಅವರ ಇಪ್ಪತ್ತಾರು ವರ್ಷದ ಶಿಸ್ತಿಗೆ ಒಗ್ಗಲಿಲ್ಲ. ಎಷ್ಟು ಮಂದಿಯ ಮಾತು ಇದ್ದರೆ ಅಷ್ಟು ಬಲ ಎಂದೂ ತಿಳಿದರು. ಬುಧವಾರ ಇಡೀ ದಿನ ಕುಳಿತು ಎಂಬತ್ತಮೂರು ಜನರ ನೆನಪನ್ನು ಇಪ್ಪತ್ತಮೂರನೆಯ ತಾರೀಖಿನ ದಿನಚರಿಯಲ್ಲಿ ತುಂಬಿದರು. ನಡುವೆ ಒಂದು ಕಡೆ, ನಾಲ್ಕು ಹತ್ತು, ಚಂದ್ರಾಮನಿಗೆ ಗಿರಣಿ ಲೈನಿನ ಎಲ್.ಸಿ. ಎಂದು ಬರೆದರು. ಆ ಎಲ್ಲ ಸಾಲುಗಳಲ್ಲಿ ಅವರು ಕಣ್ಣಾರೆ ಕಂಡದ್ದು ಅದೊಂದೇ.

ದುಂಡೇಶ ನಿಂತು ಓದಿದ. "ಕಾಕಾ, ಈ ಲೆಕ್ಕದಾಗ ಅವತ್ತು ನಮ್ಮೂರಿಗೆ ಕರೆಂಟ್ ಬಂದಽ ಇಲ್ಲಲ್ರಿ," ಎಂದ.

ಮನೆಯಲ್ಲಿ ಕಾಶಿಬಾಯಿ ಊಟಕ್ಕೆ ನೀಡುತ್ತ ಒಂದೇ ಮಾತು ಕೇಳಿದಳು. "ಶಿವನ ಮುಂದ ಕುಂತಾಗ ಏನೂ ಮುಚ್ಚೂದಿಲ್ಲ ನೀವು. ಸಾಹೇಬ ಶಿವಗಿಂತ ದೊಡ್ಡಾವೇನು?"

ಅವರು ರೊಟ್ಟಿ ಮುರಿದು ಕೈಯಲ್ಲಿಯೇ ಹಿಡಿದುಕೊಂಡು ಕುಳಿತರು. ನಾಳೆ ಕಳೆದುಬಿಡಲಿ ಎಂದರು.

ಗುರುವಾರ ಅನೀಲಕುಮಾರ ಸಾಹೇಬರು ಜೀಪಿನಿಂದ ಇಳಿದಾಗ ಸ್ಟೇಷನ್ನಿನ ಸುತ್ತ ಅರ್ಧ ಊರು ನೆರೆದಿತ್ತು. ಇಪ್ಪತ್ನಾಲ್ಕು ತಾಸಿನ ಕರೆಂಟನ್ನು ಇವರೇ ತಂದಿದ್ದಾರೆಂದು ತಿಳಿದು ಯಾರೋ ಹಾರ ಹಾಕಿದರು. ಸಾಹೇಬರು ಹಾರವನ್ನು ತೆಗೆದು ಮೇಜಿನ ಮೇಲಿಟ್ಟು, ಕಂಪ್ಯೂಟರಿನ ಮುಂದೆ ಕುಳಿತು ಓದತೊಡಗಿದರು. ಸುರೇಖಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚಂದ್ರಾಮನಿಗೆ ಇನ್ನೂ ಹೊರಸು ಬಿಟ್ಟು ಏಳಲು ಬರುತ್ತಿರಲಿಲ್ಲ.

ಸಾಹೇಬರು ಬಹಳ ಹೊತ್ತು ಓದಿದರು. ವಯಸ್ಸು ನಲವತ್ತರ ಒಳಗೆ, ಮೃದು ಮಾತಿನವರು. ಆ ಮೃದುತನವೇ ಗುರುಲಿಂಗಪ್ಪನವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ದಿನಚರಿಯಲ್ಲಿ ಹೊನ್ನವ್ವನ ಬಲ್ಬು ಯಾಕೆ ಬಂದಿತು ಎಂದು ಅವರು ಮೊದಲು ಕೇಳಿದರು. ಅಬಿದಾಳ ಅರ್ಧ ಜೋಳ ಯಾಕೆ ಬಂದಿತು ಎಂದು ಕೇಳಿದರು. ಗುರುಲಿಂಗಪ್ಪನವರು ಸವಿಸ್ತಾರವಾಗಿರಲಿ ಎಂದು ಹಾಕಿದ್ದಾಗಿ ಹೇಳಿದರು. ಸಾಹೇಬರು ತಲೆಯಾಡಿಸಿ ಮುಂದೆ ಓದಿದರು.

"ಇದರ ಪ್ರಕಾರ ಮುಂಜಾನೆ ಆರರಿಂದ ಸಂಜಿ ಏಳರ ತನಕಾ ಯಾವ ಲೈನಿಗೂ ಕರೆಂಟ್ ಇಲ್ಲ. ಇಲ್ಲದ ಕರೆಂಟ್ ತೆಗಸಾಕ ಲೈನ್‌ಮನ್ ಎಲ್.ಸಿ. ಯಾಕ ಕೇಳಿದ?"

 ಕಿಟಕಿಯ ಹೊರಗಿನಿಂದ ಕೆಳಗಿನ ಓಣಿಯವನೊಬ್ಬ, ಏಳರ ತನಕ ಅಲ್ಲ, ಒಂಬತ್ತರ ತನಕ ಎಂದು ತಿದ್ದಿದ.

ಸಾಹೇಬರು ಪರದೆಯ ಬಲತುದಿಯ ಮೇಲೆ ಬೆರಳಿಟ್ಟರು. ಅಲ್ಲಿ ಒಂದು ಸಣ್ಣ ಕಾಲಂ ಇತ್ತು. ಯಾವ ಸಾಲನ್ನು ಯಾವ ದಿನ, ಎಷ್ಟು ಹೊತ್ತಿಗೆ ಬರೆದರು ಎಂಬುದನ್ನು ಯಂತ್ರ ತಾನಾಗಿಯೇ ಅದರಲ್ಲಿ ಗುರುತು ಹಾಕಿಕೊಳ್ಳುತ್ತಿತ್ತು. ಆರು ತಿಂಗಳಿನಿಂದ ಗುರುಲಿಂಗಪ್ಪನವರ ಕಣ್ಣಮುಂದೆಯೇ ಇದ್ದರೂ ಅವರು ಅದನ್ನು ಅಲಂಕಾರವೆಂದು ತಿಳಿದಿದ್ದರು. ಎಲ್ಲ ಸಾಲುಗಳ ಮುಂದೆಯೂ ಒಂದೇ ತಾರೀಖು: ಅಕ್ಟೋಬರ್ ಎಂಟು. ಚಂದ್ರಾಮನ ಸಾಲಿನ ಮುಂದೆಯೂ ಅದೇ.

"ಇದು ನಿನ್ನೆ ಬರದದ್ದು," ಎಂದರು ಸಾಹೇಬರು. "ಅಂವಗ ಉಳಸಾಕ ಕೂಡಿ ಬರದೀರೇನು?"

ಬಾಗಿಲಲ್ಲಿ ಸುರೇಖಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುರುಲಿಂಗಪ್ಪನವರು ಆಕೆಯ ಕಡೆ ನೋಡಿದರು, ಕಿಟಕಿಯಲ್ಲಿ ಸಾಲಾಗಿ ಕಾಣುತ್ತಿದ್ದ ಊರಿನ ಮುಖಗಳನ್ನು ನೋಡಿದರು. ಆಮೇಲೆ ಎದ್ದು ನಿಂತು ಎಲ್ಲವನ್ನೂ ಹೇಳಿದರು. ತೊಳೆದದ್ದು, ಬಾಗಿಲು ಸರಿಸಿ ವಿಭೂತಿ ಹಚ್ಚಿದ್ದು, ಬೀಗರು ಕೆಮ್ಮಿದ್ದು, ಹೌದು ಎಂದು ಒತ್ತಿದ್ದು, ಫೋನಿನಲ್ಲಿ ಆಡಿದ ಸುಳ್ಳು, ಮನೆಮನೆ ತಿರುಗಿದ್ದು. ಹೊರಗೆ ಮೊದಲು ಯಾರೋ ನಕ್ಕರು. ನಡುವೆ ನಗೆ ನಿಂತಿತು. ಹೇಳಿ ಮುಗಿದ ಮೇಲೆ ಅವರು ಮತ್ತೊಂದು ಮಾತು ಸೇರಿಸಿದರು.

"ಇದರಾಗ ಎಲ್ಲಾ ಸುಳ್ಳರಿ ಸಾಹೇಬ್ರ. ಅದೊಂದು ಸಾಲು ಖರೆ. ನಾ ಕೊಟ್ಟೇನಿ. ನಾಕು ಹತ್ತಕ್ಕ ಕೊಟ್ಟೇನಿ."

ಅನೀಲಕುಮಾರ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಸೋಮವಾರ ನಾ ಫೋನ್ ಮಾಡಿದಾಗ ಇಷ್ಟಽ ಹೇಳಿದ್ರ, ಗುರುಲಿಂಗಪ್ಪನವರ, ನಿಮ್ಮ ಮಾತು ಬರಕೊಂಡು ನಾ ಸಹಿ ಮಾಡ್ತಿದ್ದೆ. ಇಪ್ಪತ್ತಾರು ವರ್ಷ ಒಂದು ಸಾಲು ತಪ್ಪು ಬರೀಲಾರದಾವ್ರು ನೀವು. ಈಗ ಎಂಬತ್ಮೂರು ಸುಳ್ಳಿನ ನಡುವ ಕುಂತದ್ದನ್ನ ಯಾ ಕೈಲಿಂದ ಖರೆ ಅಂತ ಬರೀಲಿ?"

ಮೋದಿನಸಾಬ ಮುಂದೆ ಬಂದು ಗಿರಣಿ ನಿಂತ ಸಂಗತಿ ಹೇಳಿದ. ಅಬಿದಾಳೂ ಹೇಳಿದಳು. ಸಾಹೇಬರು ಸಮಾಧಾನದಿಂದ ಕೇಳಿಕೊಂಡರು. ಆದರೆ ಅದೇ ದಿನಚರಿಯಲ್ಲಿ ಅವರ ಓಣಿಯ ಹನ್ನೆರಡು ಮಂದಿ ಬೇರೆ ಹನ್ನೆರಡು ಹೊತ್ತು ಹೇಳಿದ್ದರು. ವಿಚಾರಣೆ ಮುಗಿಯಿತು. ಹಾರ ಮೇಜಿನ ಮೇಲೆಯೇ ಉಳಿಯಿತು.

ದೀಪಾವಳಿಯ ಮೊದಲು ಕಾಗದ ಬಂದಿತು. ಅಪ್ಪಣೆ ಪಡೆದದ್ದು ದಾಖಲೆಯಿಂದ ಸಿದ್ಧವಾಗಿಲ್ಲವಾದ್ದರಿಂದ ಚಂದ್ರಾಮನ ಹೆಸರನ್ನು ಈ ಯಾದಿಯಿಂದ ತೆಗೆದಿದೆ. ಮುಂದಿನ ಯಾದಿಯ ಕಾಲಕ್ಕೆ ವಿಚಾರಿಸಬಹುದು. ಮುಂದಿನ ಯಾದಿ ಯಾವಾಗ ಎಂಬುದನ್ನು ಕಾಗದ ಹೇಳಿರಲಿಲ್ಲ. ಗುರುಲಿಂಗಪ್ಪನವರಿಗೆ ಒಂದು ತಾಕೀತು, ಮತ್ತು ಮುದ್ದೇಬಿಹಾಳದಲ್ಲಿ ಮತ್ತೆ ಮೂರು ದಿನದ ಪಾಠ. ಕಾಲು ಮುರಿದವನಿಗೆ ಶಿಕ್ಷೆ, ದಿನಚರಿ ಮುರಿದವನಿಗೆ ಶಿಕ್ಷಣ. ಅವರು ಹೋದರು. ಮೂರನೆಯ ದಿನ ಮಧ್ಯಾಹ್ನ ಊಟ ಮಾಡದೆ ಕುಳಿತು ರಿಸ್ಟೋರ್ ಪಾಠವನ್ನು ಮೊದಲಿನಿಂದ ಕೊನೆಯ ತನಕ ಕೇಳಿದರು. ಸುಲಭವಾಗಿತ್ತು.

ವಿಭೂತಿಯನ್ನು ಅವರು ಎಂದೂ ದೂರಲಿಲ್ಲ. ಪೂಜೆ ಮಾಡಿದ ಕೈ ತಿಳಿಯದೆ ಮಾಡಿತ್ತು. ತಿಳಿಯದೆ ಮಾಡಿದ್ದನ್ನು ಶಿವ ಮನ್ನಿಸುತ್ತಾನೆಂಬ ನಂಬಿಕೆ ಅವರಿಗೆ ಇತ್ತು. ಸೋಮವಾರ ಫೋನು ಹಿಡಿದ ಕೈಗೆ ಎಲ್ಲವೂ ತಿಳಿದಿತ್ತು. ಪೂಜೆಗೆ ಕುಳಿತಾಗ ಅವರು ಆ ಕೈಯನ್ನು ನೋಡಿಕೊಳ್ಳುತ್ತಿದ್ದರು.

ಊರಿನಲ್ಲಿ ಕಂಪ್ಯೂಟರ್ ಕಾಕಾ ಎನ್ನುವುದನ್ನು ಜನ ತಾವಾಗಿಯೇ ಬಿಟ್ಟರು. ಹೊನ್ನವ್ವ ಮಾತ್ರ ಸಿಕ್ಕಲ್ಲೆಲ್ಲ ಇಪ್ಪತ್ನಾಲ್ಕು ತಾಸಿನ ಕರೆಂಟು ಎಲ್ಲಿಗೆ ಬಂತಪ್ಪಾ ಎಂದು ಕೇಳುತ್ತಿದ್ದಳು.

ಕಾಗದ ಬಂದ ಮೇಲೆ ಹದಿನೈದು ದಿನ ಅವರು ಚಂದ್ರಾಮನ ಓಣಿಯ ಕಡೆ ಕಾಲಿಡಲಿಲ್ಲ. ಕೊನೆಗೆ ಒಂದು ಸೋಮವಾರ ಇಳಿಹೊತ್ತು ಹೋದರು. ಸುರೇಖಾ ಕಂಬಳಿ ಹಾಸಿ ಚಹಾ ತಂದಿಟ್ಟಳು. ಚಂದ್ರಾಮ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದ.  ಚಹಾ ಆರಿತು. ಚಂದ್ರಾಮ ಕಾಲಿನ ಕಟ್ಟನ್ನೇ ನೋಡುತ್ತ ಕೇಳಿದ.

"ಕಾಕಾ, ಒಂದು ಖರೆ ಹೇಳ್ತೀರಿ? ಅವತ್ತು ನಾ ನಿಮ್ಮ ಕಡೆ ಬಂದು ಎಲ್.ಸಿ. ತಗೊಂಡಿದ್ದೆ ಅಲ್ಲರಿ?"

"ತಗೊಂಡಿದ್ದೀಪಾ."

"ಎಲ್ಲಾರೂ ತಗೊಂಡಿಲ್ಲ, ತಗೊಂಡಿಲ್ಲ ಅಂತ ಹೇಳಿ ಹೇಳಿ, ಮನಿಗೆ ಬಂದ ಕಾಗದದಾಗೂ ಅದನ್ನಽ ಓದಿ ಓದಿ, ನನಗಽ ಸಂಶೇ ಬರಾಕತ್ತೈತ್ರಿ. ಬಿದ್ದದ್ದು ನೆನಪೈತಿ. ಸೈಕಲ್ ಹೊಡದದ್ದು ನೆನಪೈತಿ. ನಿಮ್ಮ ಕಿಡಕಿ ಮುಂದ ನಿಂತದ್ದು ಒಮ್ಮೊಮ್ಮೆ ನೆನಪ ಆಗವಲ್ದು."

ಸುರೇಖಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಗುರುಲಿಂಗಪ್ಪನವರು ಹೊರಸಿನ ಹತ್ತಿರ ಸರಿದು ಕುಳಿತರು.

"ಕಿಡಕಿ ಮುಂದ ನಿಂತಿದ್ದಿ. ತಲಿಗೆ ಬಿಳಿ ಟಾವೆಲ್ ಸುತ್ತಿದ್ದಿ. ಗಿರಣಿ ಲೈನ್ ಅಂದಿ. ನಾ ಗಡಿಯಾರ ನೋಡಿದೆ. ನಾಕು ಹತ್ತು ಆಗಿತ್ತು."

ಚಂದ್ರಾಮ ಕಣ್ಣು ಮುಚ್ಚಿ ಕೇಳಿದ.

"ಇನ್ನೊಮ್ಮೆ ಹೇಳ್ರಿ," ಎಂದ.

ಗುರುಲಿಂಗಪ್ಪನವರು ಇನ್ನೊಮ್ಮೆ ಹೇಳಿದರು. ಆಮೇಲೆ ಅವನು ಕೇಳಿದಷ್ಟು ಸಲ ಹೇಳಿದರು.